ಅಂಚು ಕತ್ತರಿಸಬೇಡಿ

ದುರ್ಗಿಗುಡಿಯ ನನ್ನ ಅಂಗಡಿಗೆ
ದೇವರು ಬರುವುದು ಸುರುಳಿ ಸುತ್ತಿಕೊಂಡು,
ಸತ್ತವರು ಪಾಸ್‌ಪೋರ್ಟ್ ಸೈಜಿನಲ್ಲಿ.
ಇಬ್ಬರಿಗೂ ಅಳತೆ ಹಿಡಿದು ಕಟ್ಟು ಹಾಕುತ್ತೇನೆ.
ಗಾಜಿನ ದರ ಒಂದೇ.

ಬಕ್ಷಿ ಸಾಬರು ತಂದದ್ದು ಬೇರೆ.
ಮೇಲೆ ಹಳೇ ಲುಂಗಿಯ ತುಂಡು, ಒಳಗೆ ಬಟರ್ ಪೇಪರು,
ಅದರೊಳಗೆ ಒಬ್ಬ ಮುದುಕ:
ಗಡ್ಡ ಪುಸ್ತಕದ ಮೇಲೆ ಚೆಲ್ಲಿದೆ,
ಹಣೆಗೆ ಕಟ್ಟಿದ ಪುಟ್ಟ ಕರಿ ಡಬ್ಬಿ,
ಬೆರಳು ಯಾವುದೋ ಸಾಲಿನ ನಡುವೆ ತಡೆದು ನಿಂತಿದೆ.
‘ಯಾವ ಮಠದವರು?’ ಅಂದೆ.
‘ಮಠ ಅಲ್ಲ. ಯಹೂದಿಗಳ ರಬ್ಬಿ. ಅಂದರೆ ಮೇಷ್ಟ್ರು.
ಭದ್ರಾವತಿ ಗುಜರಿಯಲ್ಲಿ, ಮುಳ್ಳಿಲ್ಲದ ಗಡಿಯಾರದ ಜೊತೆ
ತೂಕಕ್ಕೆ ಸಿಕ್ಕಿದರು.’

ಆ ಸಲ ಮಾಡಬಾರದ್ದು ಮಾಡಿದೆ.
ಕಟ್ಟಿಗೆ ಕೂರಲೆಂದು ಕೆಳಗಿನ ಬಿಳಿ ಅಂಚನ್ನು
ಸರ್ರನೆ ಕತ್ತರಿಸಿದೆ, ಎರಡು ಬೆರಳಗಲ.
ಸಾಬರು ಬಯ್ಯಲಿಲ್ಲ. ಬಗ್ಗಿ
ಕಸದ ಬುಟ್ಟಿಯಿಂದ ಪಟ್ಟಿ ಹೆಕ್ಕಿ,
ಕನ್ನಡಕ ಹಣೆಗೇರಿಸಿ, ಮೂಗಿಗೆ ತಾಗಿಸಿ ಓದಿದರು:
ಪೆನ್ಸಿಲಿನಲ್ಲಿ ನಲವತ್ತೆರಡು, ಓರೆ ಗೀಟು, ಇನ್ನೂರು.
‘ಇನ್ನೂರು ಒತ್ತಿದ್ದರಲ್ಲಿ ಇವರು ನಲವತ್ತೆರಡನೆಯವರು.
ಉಳಿದ ಮೇಷ್ಟ್ರುಗಳು ಯಾವ ಯಾವ ಗೋಡೆಯಲ್ಲಿದ್ದಾರೋ,
ಆ ಗೋಡೆಗಳೇ ಇವೆಯೋ ಇಲ್ಲವೋ.’
ಪಟ್ಟಿಯನ್ನು ಚಿತ್ರದ ಬೆನ್ನಿಗೆ ಮೈದಾ ಅಂಟಿನಲ್ಲಿ ಹಚ್ಚಿದೆವು,
ಇಬ್ಬರೂ ಮಾತಿಲ್ಲದೆ.

ಸಾಬರು ಮೂವತ್ತು ವರ್ಷ ಕಲ್ಲಚ್ಚಿನವರು.
ಹುಂಜದ ಮಾರ್ಕಿನ ಬೀಡಿ ಲೇಬಲ್ಲು, ಉರ್ದು ಮದುವೆ ಕಾಗದ,
ಎಲ್ಲ ಜಿಡ್ಡಿನ ಕಡ್ಡಿಯಲ್ಲಿ, ಕಲ್ಲಿನ ಮೇಲೆ.
‘ನೀರು ಕುಡಿದ ಕಡೆ ಕಲ್ಲು ಮಸಿ ಮುಟ್ಟದು,
ಜಿಡ್ಡು ತಿಂದ ಕಡೆ ಬಿಡದು. ಇಷ್ಟೇ ವಿದ್ಯೆ.
ಉಳಿದದ್ದು ಉಸಿರು ಹಿಡಿಯುವುದು.’
ಕಲ್ಲಿಗೆ ಬರೆವಾಗ ಕನ್ನಡಿಯ ಬರಹ:
ಕನ್ನಡ ಬಲದಿಂದ ಹೊರಟು ಎಡಕ್ಕೆ ನಡೆಯಬೇಕು,
ಒತ್ತು, ಕೊಂಬು ಎಲ್ಲ ಎಡಕ್ಕೆ ಜೋತು;
ಉರ್ದು ಮಾತ್ರ ಎಡದಿಂದ ಬಲಕ್ಕೆ, ನಮ್ಮ ಹಾಗೆ.
‘ಹಾಗಾದರೆ ನೋಡಿ, ಈ ಪುಸ್ತಕದ ಅಕ್ಷರವೂ
ಕಲ್ಲಿನ ಮೇಲಿದ್ದಷ್ಟು ಹೊತ್ತು
ಕನ್ನಡದ ದಾರಿ ಹಿಡಿದೇ ಹೋಗಿತ್ತು.’
ಒಂದಕ್ಷರ ಓದಲು ಬಾರದು ಅವರಿಗೆ.
ಬೆರಳು ಮಾತ್ರ ಸರಿಯಾದ ಕಡೆಯಿಂದ ಶುರುಮಾಡುತ್ತದೆ.

ಈಗ ಹನ್ನೊಂದಾಗಿವೆ.
ಕೊಚ್ಚಿಯಿಂದ ಟಪಾಲಿನಲ್ಲಿ ಬಂದವನು ಟಗರಿನ ಕೊಂಬು ಊದುತ್ತಾನೆ,
ಕೆನ್ನೆ ಪೂರಿಯಂತೆ ಉಬ್ಬಿದೆ.
(ಕೊಂಬಿಲ್ಲದ ಲಿಪಿ, ಕೊಂಬು ಊದುವ ಜನ, ಎಂದು ನಗುತ್ತಾರೆ.)
ಎರಡು ಮೇಣದ ಬತ್ತಿ ಹಚ್ಚಿ
ಅಂಗೈಯಲ್ಲಿ ಕಣ್ಣು ಮುಚ್ಚಿಕೊಂಡ ಹೆಂಗಸು;
‘ಕಣ್ಣಾಮುಚ್ಚಾಲೆಯಾ? ಯಾರು ಅಡಗಿರೋದು?’
ಎಂದಳಂತೆ ಮೊಮ್ಮಗಳು ಶಿರೀನ್.
ಆಷಾಢದಲ್ಲಿ ಬೂಷ್ಟು ಬರುತ್ತದೆಂದು
ಹನ್ನೊಂದನ್ನೂ ಮಂಚದ ಮೇಲೆ ಮಲಗಿಸಿ, ಫ್ಯಾನು ಹಾಕಿ,
ತಾವು ಕೆಳಗೆ ಚಾಪೆ ಹಾಸುತ್ತಾರೆ.
‘ನಮ್ಮವರಲ್ಲವಲ್ಲ ಇವರು?’ ಎಂದ ಭಾವಮೈದನಿಗೆ
ಚಹಾ ಕೊಟ್ಟು ಕಳಿಸಿದರು.

ಪ್ರೆಸ್ಸು ಮುಚ್ಚಿದಾಗ ಸಂಬಳದ ಬದಲಿಗೆ ಕೊಟ್ಟ ಕಲ್ಲು
ಬಚ್ಚಲ ಬಾಗಿಲಲ್ಲಿ ಬಟ್ಟೆ ಒಗೆಯಲು ಬಿದ್ದಿದೆ.
ಎಷ್ಟು ತಿಕ್ಕಿದರೂ, ಒದ್ದೆಯಾದ ಗಳಿಗೆ
ಹುಂಜ ಮಸುಕಾಗಿ ಎದ್ದು ನಿಲ್ಲುತ್ತದೆ,
ಲೇಬಲ್ಲಿನಲ್ಲಿ ಎತ್ತ ನೋಡಿತ್ತೋ ಅದಕ್ಕೆ ತಿರುಗಿ.
‘ಇನ್ನೂರು ಒತ್ತಿ ನಮ್ಮ ಮೇಷ್ಟ್ರನ್ನೂ ಉಜ್ಜಿ ಅಳಿಸಿರುತ್ತಾರೆ,
ಅದೇ ಕಲ್ಲಿನಲ್ಲಿ ಆಮೇಲೆ ಸೋಪಿನ ಚೀಟಿಯೋ ಏನೋ.
ಯಾರ ಅಂಗಳದಲ್ಲಿ ಬಿದ್ದಿದೆಯೋ.
ನೀರು ಚೆಲ್ಲಿದವರಿಗೆ ಕಂಡಾರು.’

ಇವತ್ತು ಹನ್ನೆರಡನೆಯದು.
ಕುಣಿಯುವ ನಾಲ್ವರು, ಒಬ್ಬರ ಕಾಲೂ ನೆಲಕ್ಕಿಲ್ಲ.
ಅಪ್ಪನ ವಜ್ರದ ಪೆನ್ನಿನಲ್ಲಿ ಗಾಜು ಕೊಯ್ದೆ,
ಕತ್ತರಿ ಡ್ರಾಯರಿನಿಂದ ತೆಗೆಯಲೇ ಇಲ್ಲ,
ಕಟ್ಟನ್ನೇ ನಾಲ್ಕು ಬೆರಳು ದೊಡ್ಡದು ಮಾಡಿದೆ.
‘ಎಷ್ಟಾಯ್ತು?’
‘ಅಂಚೂ ಸೇರಿ ಮುನ್ನೂರ ಎಂಬತ್ತು.’
‘ಖಾಲಿ ಜಾಗಕ್ಕೂ ದುಡ್ಡಾ, ಮಾರಾಯ್ತಿ?’
ಎಂದು ಮುನ್ನೂರೈವತ್ತು ಎಣಿಸಿಟ್ಟು,
ನಾಲ್ವರನ್ನೂ ಕಂಕುಳಲ್ಲಿ ಅವುಚಿ
ಆಟೋ ಕೂಗಿದರು.